ಕಂಪ್ಯೂಟರ್‌ಜಿ, ಆಯಿಯ ವಯಸ್ಸನ್ನು ಲಾಕ್ ಮಾಡಿ

2012ರ ಗಣೇಶೋತ್ಸವದ ಒಂದು ರಾತ್ರಿ, ಬೀದರ್ ಜಿಲ್ಲೆ ಹುಮನಾಬಾದ್ ತಾಲೂಕಿನ ಹುಡಗಿ ಗ್ರಾಮದಲ್ಲಿ, ಹೆಗಲಿಗೆ ಶಾಲು ಹೊದೆದುಕೊಂಡು ಮುಖ್ಯ ಅತಿಥಿಯ ಕುರ್ಚಿಯಲ್ಲಿ ನಾನು ಕುಳಿತಿದ್ದೆ. ಬೆಂಗಳೂರಿನ ಮಿತ್ರರಿಗೆ ‘ಹುಡಗಿಗೆ ಹೋಗಿದ್ದೆ’ ಎಂದರೆ ಅವರು ಹುಬ್ಬೇರಿಸುತ್ತಾರೆ. ಆ ಹಾಸ್ಯವನ್ನು ಊರಿನವರೇ ನಮಗಿಂತ ಮೊದಲು ಮಾಡಿ ಮುಗಿಸಿರುವುದರಿಂದ ಇಲ್ಲಿ ಬೆಳೆಸುವುದಿಲ್ಲ. ಕಚೇರಿಯಲ್ಲಿ ನನ್ನೊಡನೆ ಹಲವು ವರ್ಷ ದುಡಿದ ಪ್ರಥಮ ದರ್ಜೆ ಸಹಾಯಕರೊಬ್ಬರ ಊರದು. ಅವರ ಮಾತನ್ನು ಮೀರಲಾರದೆ ಹೋಗಿದ್ದೆ. ನಾಲ್ಕು ಭಾಷಣ, ಒಂದು ಕೋಲಾಟ, ಸಿನಿಮಾ ಹಾಡಿಗೆ ಮಕ್ಕಳ ಕುಣಿತ ಇವೆಲ್ಲ ಮುಗಿದು, ಇನ್ನೇನು ಎದ್ದು ಹೊರಡಬೇಕೆನ್ನುವಾಗ ಊರಿನ ಯುವಕರ ನಾಟಕವೊಂದು ಬಾಕಿ ಇದೆಯೆಂದು ಕೂರಿಸಿದರು. ಅದರ ಹೆಸರು ‘ಕನ್ನಡದ ಪಗಾರಾಧಿಪತಿ’.

ನಮ್ಮ ಕಡೆ ಸರ್ಕಾರ ವೃದ್ಧರಿಗೆ, ವಿಧವೆಯರಿಗೆ ಕೊಡುವ ಮಾಸಾಶನಕ್ಕೆ ಜನ ‘ಪಗಾರ’ ಎನ್ನುತ್ತಾರೆ. ಅದೇ ವರ್ಷದ ಮಾರ್ಚ್ ತಿಂಗಳಿನಿಂದ ಸುವರ್ಣ ವಾಹಿನಿಯಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ ಮನೆಮಾತಾಗಿತ್ತು. ಕೋಟಿಯನ್ನು ತೆಗೆದು ಪಗಾರವನ್ನಿಟ್ಟ ಹುಡುಗರಿಗೆ ಸವರ್ಣದೀರ್ಘ ಸಂಧಿ ಗೊತ್ತಿತ್ತೋ ಇಲ್ಲವೋ ಕಾಣೆ, ಪದವಂತೂ ವ್ಯಾಕರಣಕ್ಕೆ ಸರಿಯಾಗಿಯೇ ಕೂಡಿಕೊಂಡಿತ್ತು.

ಎರಡು ಟ್ರ್ಯಾಕ್ಟರ್ ಟ್ರಾಲಿಗಳನ್ನು ಜೋಡಿಸಿ ಮಾಡಿದ ರಂಗಮಂಚ. ಹಾಟ್‌ಸೀಟ್ ಎಂದು ಕ್ಷೌರದಂಗಡಿಯ ತಿರುಗುವ ಕುರ್ಚಿಯನ್ನು ಹೊತ್ತು ತಂದಿದ್ದರು. ಕಂಪ್ಯೂಟರ್ ಎಂದರೆ ಟಿ.ವಿ. ತಂದ ರಟ್ಟಿನ ಪೆಟ್ಟಿಗೆ, ಅದರೊಳಗೆ ಏಳನೆಯ ತರಗತಿಯವನಿರಬಹುದಾದ ಒಬ್ಬ ಹುಡುಗ. ಪ್ರಶ್ನೆ ಬಂದಾಗ ಅವನು ಪೆಟ್ಟಿಗೆಯ ಕಿಂಡಿಯಿಂದ ನಾಲ್ಕು ಉತ್ತರಗಳನ್ನು ಕೂಗಬೇಕು. ನಿರೂಪಕನ ಪಾತ್ರದ ಯುವಕ ಧ್ವನಿಯನ್ನು ಅಮಿತಾಭ್ ಬಚ್ಚನ್ ಅವರಿಂದಲೂ ನಗೆಯನ್ನು ಪುನೀತ್ ಅವರಿಂದಲೂ ಎರವಲು ಪಡೆದಿದ್ದ. ಸ್ಪರ್ಧಿ ಒಬ್ಬ ಮುದುಕಿ, ಎಲ್ಲರೂ ‘ಆಯಿ’ ಎನ್ನುವಾಕೆ. ಸೀರೆಯುಟ್ಟು ಆ ಪಾತ್ರ ಮಾಡಿದವನು ಮೀಸೆ ಬೋಳಿಸಿಕೊಂಡ ಇಪ್ಪತ್ತರ ಹುಡುಗ. ಸಣ್ಣಾಟ, ದೊಡ್ಡಾಟಗಳನ್ನು ನೋಡಿ ಬೆಳೆದ ಜನಕ್ಕೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ನೂರು ರೂಪಾಯಿಯ ಮೊದಲ ಪ್ರಶ್ನೆ: ‘ಆಯಿ, ನಿಮ್ಮ ಹೆಸರೇನು?’ ಪೆಟ್ಟಿಗೆಯಿಂದ ಉತ್ತರಗಳು ಬಂದವು. ಎ, ಪಡಿತರ ಚೀಟಿಯಲ್ಲಿರುವುದು. ಬಿ, ಮತದಾರರ ಚೀಟಿಯಲ್ಲಿರುವುದು. ಸಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿರುವುದು. ಡಿ, ತವರಿನವರು ಇಟ್ಟದ್ದು. ನಾಲ್ಕೂ ಬೇರೆ ಬೇರೆ. ಜನ ನಗತೊಡಗಿದರು. ನಾನೂ ನಕ್ಕೆ. ನಾನೂರು ರೂಪಾಯಿಯ ಪ್ರಶ್ನೆಗೆ ಬರುವಷ್ಟರಲ್ಲಿ ಸಭೆ ಪೂರ್ತಿ ಹುಡುಗರ ಕೈಯಲ್ಲಿತ್ತು. ‘ನಿಮ್ಮ ವಯಸ್ಸೆಷ್ಟು?’ ಎ, ಮತದಾರರ ಚೀಟಿಯಂತೆ 58. ಬಿ, ಪಡಿತರ ಚೀಟಿಯಂತೆ 61. ಸಿ, ಮಗನ ಶಾಲಾ ದಾಖಲೆಯಿಂದ ಲೆಕ್ಕ ಹಾಕಿದರೆ 53. ಡಿ, ಕನ್ನಡಿಯಲ್ಲಿ ಕಾಣುವಂತೆ 75.

ಮುದುಕಿ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿ ಬಂದು ಹೇಳಿದಳು: ‘ರಜಾಕಾರರ ಗದ್ದಲದಾಗ ನಾ ತೊಟ್ಟಲದಾಗ ಇದ್ದೆ ಅಂತ ನಮ್ಮವ್ವ ಹೇಳ್ತಿದ್ಳು. ಅಂಬೆಗಾಲು ಹಾಕ್ತಿದ್ದೆ ಅಂತ ನಮ್ಮಪ್ಪ ಹೇಳ್ತಿದ್ದ. ಇಬ್ಬರೂ ಹೋದ್ರು. ಈಗ ಯಾರಿಗೆ ಕೇಳ್ಲಿ?’

ಹೊರಗಿನ ಓದುಗರಿಗೆ ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೀದರ್ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆ ನಡೆದು ಸಂಸ್ಥಾನ ಶರಣಾದದ್ದು 1948ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಮೊದಲಿನ ಒಂದು ವರ್ಷ ರಜಾಕಾರರ ಹಾವಳಿಯದು. ನಮ್ಮ ಭಾಗದ ಹಳೆಯ ತಲೆಮಾರಿಗೆ ಕ್ರಿಸ್ತಶಕವೆಂದರೂ ಶಾಲಿವಾಹನ ಶಕವೆಂದರೂ ಅದೇ. ಹುಟ್ಟು, ಮದುವೆ, ಬಾವಿ ತೋಡಿದ್ದು ಎಲ್ಲವನ್ನೂ ಆ ಗದ್ದಲದ ಹಿಂದೆ ಇಲ್ಲವೇ ಮುಂದೆ ಎಂದು ಎಣಿಸುವುದು ರೂಢಿ. ಇನ್ನು ನಾನೂರು ರೂಪಾಯಿಯ ಮಾತು. 2007ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಬಡ ವೃದ್ಧರಿಗೆ ತಿಂಗಳಿಗೆ 400 ರೂಪಾಯಿ. ವಯಸ್ಸು 65 ತುಂಬಿರಬೇಕು. ಗದ್ದಲದ ಕಾಲಕ್ಕೆ ತೊಟ್ಟಿಲಲ್ಲಿದ್ದ ಕೂಸಿಗೆ 2012ರ ಸೆಪ್ಟೆಂಬರ್‌ನಲ್ಲಿ 64 ವರ್ಷ. ಅಂಬೆಗಾಲಿಡುತ್ತಿದ್ದರೆ 65. ಅವ್ವ ಹೇಳಿದ್ದು ಸರಿಯಾದರೆ ಪಗಾರವಿಲ್ಲ, ಅಪ್ಪ ಹೇಳಿದ್ದು ಸರಿಯಾದರೆ ಇದೆ. ಇದನ್ನು ಬರೆದ ಹುಡುಗ ಯಾರೋ, ಸರ್ಕಾರಿ ಆದೇಶವನ್ನು ಚೆನ್ನಾಗಿ ಓದಿದ್ದ.

ಈ ಆಟದ ಮೂಲ ಬ್ರಿಟನ್ನಿನದು. 1998ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಐಟಿವಿ ವಾಹಿನಿಯಲ್ಲಿ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ ಆರಂಭವಾಯಿತು. 2000ದ ಜುಲೈ 3ರಂದು ಸ್ಟಾರ್ ಪ್ಲಸ್‌ನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’ ಆಗಿ ಭಾರತಕ್ಕೆ ಬಂತು. ಅಣಕ ಹುಟ್ಟುವುದಕ್ಕೆ ಎಲ್ಲಿಯೂ ತಡವಾಗಲಿಲ್ಲ. ಅಮೆರಿಕದಲ್ಲಿ ‘ಸ್ಯಾಟರ್ಡೇ ನೈಟ್ ಲೈವ್’ ನಟರು ನಿರೂಪಕ ರೇಜಿಸ್ ಫಿಲ್ಬಿನ್ ಅವರನ್ನು ಅನುಕರಿಸಿ ನಗಿಸಿದರು. ಬಿಬಿಸಿಯ ಜನಪ್ರಿಯ ಹಾಸ್ಯಮಾಲಿಕೆ ‘ಓನ್ಲಿ ಫೂಲ್ಸ್ ಅಂಡ್ ಹಾರ್ಸಸ್’ನ 2001ರ ಕ್ರಿಸ್‌ಮಸ್ ಸಂಚಿಕೆಯಲ್ಲಿ ಕಥಾನಾಯಕ ಡೆಲ್ ಬಾಯ್ ‘ಗೋಲ್ಡ್ ರಷ್’ ಎಂಬ ಇಂಥದೇ ಕಲ್ಪಿತ ಆಟಕ್ಕೆ ಹೋಗಿ ಕೂರುತ್ತಾನೆ.

ನಮ್ಮಲ್ಲಿ ಅಣಕ ಮೊದಲು ಬಂದದ್ದು ಮಾತಿನೊಳಕ್ಕೆ. ಕಚೇರಿಯಲ್ಲಿ ಕಡತಕ್ಕೆ ಸಹಿ ಬಿದ್ದೊಡನೆ ಗುಮಾಸ್ತರು ‘ಲಾಕ್ ಕಿಯಾ ಜಾಯೆ’ ಎನ್ನುತ್ತಿದ್ದರು. ಮದುವೆಮನೆಯಲ್ಲಿ ಬೀಗರನ್ನು ಕೂರಿಸಿ ನಾಲ್ಕು ಉತ್ತರಗಳ ಪ್ರಶ್ನೆ ಕೇಳುವುದು ಒಂದು ಶಾಸ್ತ್ರದಂತೆಯೇ ಆಯಿತು. ಚುನಾವಣೆ ಬಂದರೆ ‘ಕೌನ್ ಬನೇಗಾ ಮುಖ್ಯಮಂತ್ರಿ’. 2004ರಲ್ಲಿ ನಮ್ಮ ವಿಧಾನಸಭೆ ಅತಂತ್ರವಾಗಿ, ಬಿಜೆಪಿಗೆ 79, ಕಾಂಗ್ರೆಸ್ಸಿಗೆ 65, ಜಾತ್ಯತೀತ ಜನತಾದಳಕ್ಕೆ 58 ಸ್ಥಾನ ಬಂದು, ನಮ್ಮದೇ ಭಾಗದ ಧರ್ಮಸಿಂಗ್ ಮೇ 28ರಂದು ಪ್ರಮಾಣವಚನ ಸ್ವೀಕರಿಸುವವರೆಗೂ ಚಹಾದಂಗಡಿಗಳಲ್ಲಿ ನಡೆದದ್ದು ಆ ಒಂದೇ ಆಟ. ಯಾರಿಗೆ ಯಾವ ಲೈಫ್‌ಲೈನ್ ಉಳಿದಿದೆಯೆಂಬ ಚರ್ಚೆ ಪಂಡಿತರ ವಿಶ್ಲೇಷಣೆಗಿಂತ ಚುರುಕಾಗಿರುತ್ತಿತ್ತು.

ಕಂಪ್ಯೂಟರಿನ ವಿಷಯದಲ್ಲಿ ನಮ್ಮ ರಾಜ್ಯಕ್ಕೆ ಇನ್ನೊಂದು ಕಾಕತಾಳೀಯವೂ ಒದಗಿತ್ತು. ಬಚ್ಚನ್ ಅವರು ‘ಕಂಪ್ಯೂಟರ್‌ಜಿ’ ಎಂದು ಯಂತ್ರವನ್ನು ಬಹುವಚನದಲ್ಲಿ ಮಾತನಾಡಿಸುತ್ತಿದ್ದ ದಿನಗಳಲ್ಲೇ ಕರ್ನಾಟಕದ ತಾಲೂಕು ಕಚೇರಿಗಳಿಗೆ ‘ಭೂಮಿ’ ಯೋಜನೆಯ ಕಂಪ್ಯೂಟರುಗಳು ಬಂದವು. ಸುಮಾರು ಎರಡು ಕೋಟಿ ಪಹಣಿಗಳು ಯಂತ್ರದೊಳಗೆ ಸೇರಿ, 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಉತಾರ ಸಿಗುವಂತಾಯಿತು. ಅದು ದೊಡ್ಡ ಕೆಲಸ. ಅದರಲ್ಲಿ ನಮ್ಮಂಥವರ ಬೆವರೂ ಇದೆ, ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಮೊದಲು ಪಟವಾರಿಯ ಮನೆಬಾಗಿಲಿಗೆ ಹೋಗಿ ತಪ್ಪು ತಿದ್ದಿಸುತ್ತಿದ್ದ ರೈತ ಈಗ ಕಿಟಕಿಯ ಮುಂದೆ ನಿಂತು, ‘ಸಾಹೇಬ್ರೆ, ಕಂಪ್ಯೂಟರ್‌ಜಿ ಏನ್ ಅಂತಾರ?’ ಎಂದು ಕೇಳುತ್ತಿದ್ದ. ಅವನು ನಗುತ್ತಲೇ ಕೇಳುತ್ತಿದ್ದ. ನಾವೂ ನಗುತ್ತಲೇ ‘ಸರ್ವರ್ ಇಲ್ಲ’ ಎನ್ನುತ್ತಿದ್ದೆವು.

ಅಣಕವೆಂದರೆ ಬರೀ ಅನುಕರಣೆಯೆಂದು ತಿಳಿಯುವುದುಂಟು. ಅನುಕರಿಸುವವನು ಮೂಲವನ್ನು ಮೆಚ್ಚಿರುತ್ತಾನೆ, ಅಣಕಿಸುವವನು ಅದರ ಎಲುಬುಗೂಡನ್ನು ಕಂಡಿರುತ್ತಾನೆ. ಈ ಆಟದ ಎಲುಬುಗೂಡು ನಮ್ಮ ಹಳ್ಳಿಯ ಜನಕ್ಕೆ ಅಷ್ಟು ಬೇಗ ಏಕೆ ಕಂಡಿತು? ಎತ್ತರದ ಕುರ್ಚಿ, ಎದುರಿಗೆ ಪ್ರಶ್ನೆ ಕೇಳುವವರು, ಪಕ್ಕದಲ್ಲಿ ತೀರ್ಪು ಕೊಡುವ ಯಂತ್ರ, ಹಿಂದೆ ಸಾಲಾಗಿ ಕಾದು ಕುಳಿತವರು, ತಪ್ಪು ಹೇಳಿದರೆ ಬರಿಗೈಯಲ್ಲಿ ವಾಪಸು. ಕೋಟಿಯೊಂದನ್ನು ಬಿಟ್ಟರೆ ಅವರಿಗೆ ಇದರಲ್ಲಿ ಹೊಸದೇನಿತ್ತು? ಅವರು ಬಲ್ಲ ಕಚೇರಿಯೇ ಬಣ್ಣದ ದೀಪ ಹಾಕಿಕೊಂಡು ಟಿ.ವಿ.ಯೊಳಗೆ ಕುಳಿತಿತ್ತು.

ಪ್ರಶ್ನೆ ಕೇಳಿ ಪಾತ್ರವನ್ನು ಹೊರಗೆಳೆಯುವ ಆಟವೂ ಇಲ್ಲಿ ಹೊಸತಲ್ಲ. ನಮ್ಮ ದೊಡ್ಡಾಟದಲ್ಲಿ ಪಾತ್ರಧಾರಿ ರಂಗಕ್ಕೆ ಬಂದೊಡನೆ ಸಾರಥಿ ಎದುರು ನಿಂತು, ನೀನು ಯಾರು, ಯಾವ ದೇಶದವನು, ಬಂದ ಕಾರಣವೇನು ಎಂದು ಕೇಳುತ್ತಾನೆ. ರಾಜನಾದರೂ ಉತ್ತರಿಸಲೇಬೇಕು. ಹಗಲುವೇಷದವರು ಊರ ಗೌಡರ ಅಂಗಳದಲ್ಲೇ ಗತ್ತಿನವರನ್ನು ಅಣಕಿಸಿ, ಗೌಡರಿಂದಲೇ ಜೋಳ ಹೊತ್ತು ಹೋಗುತ್ತಿದ್ದರು. ಪಟ್ಟಣದ ರಂಗಭೂಮಿಯಲ್ಲಿ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ವನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದ ಅಧಿಕಾರಿಗಳಲ್ಲಿ ನಾನೂ ಒಬ್ಬ. ಆ ನಾಟಕದಲ್ಲಿ ಎಲ್ಲರಿಗಿಂತ ಜೋರಾಗಿ ನಗುವವರು ನಾವೇ. ವೇದಿಕೆಯ ಮೇಲಿರುವವನು ಲಂಚ ತಿನ್ನುವವನು, ನಾವು ತಿನ್ನುವುದಿಲ್ಲ ಎಂಬ ಸಮಾಧಾನ ಆ ನಗೆಯಲ್ಲಿ ಇರುತ್ತದೆ. ಹುಡಗಿಯ ನಾಟಕದಲ್ಲೂ ಅದೇ ಸಮಾಧಾನದಿಂದ ಕುಳಿತಿದ್ದೆ.

ಸರ್ಕಾರಿ ನೌಕರನೊಬ್ಬ ಈ ಆಟದ ಒಳಗನ್ನು ಬಿಚ್ಚಿದ್ದೂ ಉಂಟು. ಭಾರತೀಯ ವಿದೇಶಾಂಗ ಸೇವೆಯ ವಿಕಾಸ್ ಸ್ವರೂಪ್ 2005ರಲ್ಲಿ ‘ಕ್ಯೂ ಅಂಡ್ ಎ’ ಕಾದಂಬರಿ ಬರೆದರು. ಅದು 2008ರಲ್ಲಿ ‘ಸ್ಲಂಡಾಗ್ ಮಿಲಿಯನೇರ್’ ಚಿತ್ರವಾಗಿ, ಮರುವರ್ಷ ಎಂಟು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಕಾಲ್ ಸೆಂಟರಿನಲ್ಲಿ ಚಹಾ ಕೊಡುವ ಹುಡುಗ ಸರಿಯುತ್ತರ ಹೇಳುತ್ತಾ ಹೋದನೆಂಬ ಒಂದೇ ಕಾರಣಕ್ಕೆ ಪೊಲೀಸರು ಅವನನ್ನು ಹಿಡಿದು ಹಿಂಸಿಸುತ್ತಾರೆ. ಕೊಳೆಗೇರಿಯವನಿಗೆ ಇದು ಹೇಗೆ ಗೊತ್ತು? ಚಿತ್ರವನ್ನು ಕುರಿತು ಬಡತನದ ಪ್ರದರ್ಶನವೆಂಬ ಟೀಕೆ ಬಂತು, ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಒಂದು ಸಂಶಯವನ್ನು ಕಥೆಗಾರರು ಸರಿಯಾಗಿ ಹಿಡಿದಿದ್ದರು. ಬಡವನು ಉತ್ತರ ತಿಳಿಯದಿದ್ದರೆ ಅಜ್ಞಾನಿ, ತಿಳಿದಿದ್ದರೆ ಕಳ್ಳ. ಅದೇ ಬ್ರಿಟನ್ನಿನಲ್ಲಿ 2001ರಲ್ಲಿ ಪ್ರೇಕ್ಷಕರ ನಡುವಿನಿಂದ ಬಂದ ಕೆಮ್ಮಿನ ಸಂಜ್ಞೆ ಕೇಳಿ ಹತ್ತು ಲಕ್ಷ ಪೌಂಡ್ ‘ಗೆದ್ದು’, 2003ರಲ್ಲಿ ವಂಚನೆಯ ತಪ್ಪಿತಸ್ಥನೆಂದು ತೀರ್ಮಾನವಾದ ಚಾರ್ಲ್ಸ್ ಇಂಗ್ರಾಂ ಸೈನ್ಯದ ಮೇಜರ್.

ನನ್ನ ಓದು ಅರ್ಥಶಾಸ್ತ್ರ. ಆದುದರಿಂದ ಲೆಕ್ಕವೊಂದನ್ನು ಹೇಳದೆ ಮುಂದೆ ಹೋಗಲಾರೆ. ಬಚ್ಚನ್ ಅವರ ಮೊದಲ ಸರಣಿಯಲ್ಲಿ ಸಾವಿರ ರೂಪಾಯಿಯಿಂದ ಕೋಟಿಯವರೆಗೆ ಹದಿನೈದು ಮೆಟ್ಟಿಲು. 50 ಲಕ್ಷ ಗೆದ್ದವನು ಕೊನೆಯ ಪ್ರಶ್ನೆಗೆ ತಪ್ಪಿದರೆ 3 ಲಕ್ಷ 20 ಸಾವಿರಕ್ಕೆ ಬೀಳುತ್ತಾನೆ. ಹಾಗಾದರೆ ಎಷ್ಟು ಖಚಿತವಿದ್ದರೆ ಉತ್ತರಿಸಬಹುದು? ನೂರಕ್ಕೆ 48ಕ್ಕಿಂತ ಸ್ವಲ್ಪ ಹೆಚ್ಚು ಭರವಸೆಯಿದ್ದರೆ ಸಾಕು, ಗಣಿತ ‘ಹೇಳು’ ಎನ್ನುತ್ತದೆ. ನಾಲ್ಕರಲ್ಲಿ ಎರಡು ಉತ್ತರ ಅಳಿಸಿಹೋಗಿ, ಉಳಿದ ಎರಡರಲ್ಲಿ ಯಾವುದೆಂದು ತಿಳಿಯದಿದ್ದರೂ ಲೆಕ್ಕದ ಪ್ರಕಾರ ಆಡಬೇಕು. ಯಾವ ಗೃಹಸ್ಥನೂ ಆಡಲಾರ, 50 ಲಕ್ಷವನ್ನು ಜೇಬಿಗಿಟ್ಟುಕೊಂಡು ಮನೆಗೆ ಹೋಗುತ್ತಾನೆ. ನಷ್ಟದ ಭಯ ಲಾಭದ ಆಸೆಗಿಂತ ದೊಡ್ಡದೆಂಬುದನ್ನು ವಿವರಿಸಲು ಅರ್ಥಶಾಸ್ತ್ರಜ್ಞರು ಇಂಥ ಆಟಗಳನ್ನು ಪ್ರಯೋಗಶಾಲೆಯಂತೆ ಬಳಸಿದ್ದಾರೆ.

ಆ ಭಯದ ಲೆಕ್ಕವನ್ನು ಆಯಿಗೆ ಅನ್ವಯಿಸಿ ನೋಡೋಣ. ಟಿ.ವಿ.ಯ ಸ್ಪರ್ಧಿ ತಪ್ಪು ಹೇಳಿದರೆ ಸ್ವಂತ ಗಂಟಿನಿಂದ ಒಂದು ಪೈಸೆ ಕಳೆದುಕೊಳ್ಳುವುದಿಲ್ಲ. ಆಯಿ ಒಂದು ಸಲ ತಾಲೂಕು ಕಚೇರಿಗೆ ಬಂದುಹೋದರೆ ಒಂದು ದಿನದ ಕೂಲಿ ಹೋಗುತ್ತದೆ. 2012ರಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿಯೇ 155 ರೂಪಾಯಿ. ಮೂರು ಸಲ ಬಂದರೆ, ಬಸ್ ಚಾರ್ಜನ್ನು ಬಿಟ್ಟರೂ, ಒಂದು ತಿಂಗಳ ಪಗಾರಕ್ಕಿಂತ ಹೆಚ್ಚಾಯಿತು. ಇಷ್ಟೆಲ್ಲ ಮಾಡಿ ಗೆದ್ದಳೆನ್ನಿ. ತಿಂಗಳಿಗೆ 400ರಂತೆ ಒಂದು ಕೋಟಿ ಕೈಸೇರಲು 2,083 ವರ್ಷ ಬೇಕು.

ಈ ಎರಡು ಲೋಕಗಳು ಒಮ್ಮೆ ನಿಜವಾಗಿಯೂ ಮುಖಾಮುಖಿಯಾದದ್ದುಂಟು. 2011ರಲ್ಲಿ ಐದು ಕೋಟಿ ಗೆದ್ದ ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ ಉದ್ಯೋಗ ಖಾತರಿ ಯೋಜನೆಯಲ್ಲಿ ತಿಂಗಳಿಗೆ ಸುಮಾರು ಆರು ಸಾವಿರ ರೂಪಾಯಿಯ ಕಂಪ್ಯೂಟರ್ ಆಪರೇಟರ್. 2006ರಲ್ಲಿ ಆ ಯೋಜನೆ ಮೊದಲ ಹಂತದಲ್ಲಿ ಬಂದ ಜಿಲ್ಲೆಗಳಲ್ಲಿ ನಮ್ಮ ಬೀದರ್ ಕೂಡ ಒಂದು. ಹಾಗಾಗಿ ಅಂಥ ಆಪರೇಟರ್ ಹುಡುಗರನ್ನು ನಾನು ಹತ್ತಿರದಿಂದ ಬಲ್ಲೆ. ಸುದ್ದಿ ಬಂದ ದಿನ ನಮ್ಮ ಹುಡುಗನೊಬ್ಬ ಕೂಲಿಕಾರರ ಪಟ್ಟಿಯನ್ನು ಯಂತ್ರಕ್ಕೆ ತುಂಬುತ್ತಾ, ‘ಕಂಪ್ಯೂಟರ್‌ಜಿಯ ಈ ಕಡೆ ಕೂತವನೂ ಗೆಲ್ಲಬಹುದಾ ಸರ್?’ ಎಂದಿದ್ದ. ಗೆದ್ದ ಹಣದ ನಂತರದ ವರ್ಷಗಳು ತನಗೆ ಎಷ್ಟು ಕಠಿಣವಾಗಿದ್ದವೆಂದು ಸುಶೀಲ್ ಕುಮಾರ್ 2020ರಲ್ಲಿ ತಾವೇ ಬರೆದುಕೊಂಡರು.

ಮತ್ತೆ ಹುಡಗಿಯ ರಂಗಮಂಚಕ್ಕೆ ಬರುತ್ತೇನೆ. ಆಯಿ ಲೈಫ್‌ಲೈನ್‌ಗಳನ್ನು ಬಳಸತೊಡಗಿದಳು. ಮೊದಲು ಮಗನಿಗೆ ಫೋನ್. ಅವನು ಹೈದರಾಬಾದಿನಲ್ಲಿ ಸೆಂಟ್ರಿಂಗ್ ಕೆಲಸದವನು. ‘ಅವ್ವಾ, ನನ್ನ ವಯಸ್ಸೇ ನನಗ ಗೊತ್ತಿಲ್ಲ, ನಿಂದೇನ್ ಹೇಳ್ಲಿ’ ಎಂದು ಪರದೆಯ ಹಿಂದಿನಿಂದ ಉತ್ತರ. ಅನಂತರ ಫಿಫ್ಟಿ ಫಿಫ್ಟಿ. ಆ ಮಾತು ಬಂದೊಡನೆ ಸಭಿಕರ ನಡುವಿನಿಂದ ಬಿಳಿ ಅಂಗಿಯವನೊಬ್ಬ ಎದ್ದು, ‘ನಾ ಮಾಡಿಸಿಕೊಡ್ತೀನಿ ಆಯಿ, ಅರ್ಧ ನಿನಗ, ಅರ್ಧ ನನಗ’ ಎಂದು ಮಂಚ ಹತ್ತಿದ. ಸಭೆ ಉರುಳಾಡಿ ನಕ್ಕಿತು. ಯಾರನ್ನು ಅಣಕಿಸಲಾಗುತ್ತಿದೆಯೆಂದು ಅವರಿಗೆ ತಿಳಿದಿತ್ತೆಂದು ಕಾಣುತ್ತದೆ, ಕೆಲವರು ಹಿಂದಿನ ಸಾಲಿನ ಕಡೆ ತಿರುಗಿ ನೋಡಿದರು. ಮೂರನೆಯದು ಪ್ರೇಕ್ಷಕರ ಅಭಿಪ್ರಾಯ. ಇಡೀ ಊರು ಕೈಯೆತ್ತಿ ಒಂದೇ ಸ್ವರದಲ್ಲಿ ‘ಅರವತ್ತೈದು’ ಎಂದು ಕೂಗಿತು. ಆ ಉತ್ತರ ಪೆಟ್ಟಿಗೆಯ ನಾಲ್ಕರಲ್ಲಿ ಇರಲೇ ಇಲ್ಲ. ‘ಆಯ್ಕೆಯಲ್ಲಿ ಇಲ್ಲದ ಉತ್ತರವನ್ನು ಸ್ವೀಕರಿಸಲು ಬರುವುದಿಲ್ಲ’ ಎಂದಿತು ಪೆಟ್ಟಿಗೆ.

ಇಲ್ಲಿಯವರೆಗೆ ನಾಟಕ ನಾನು ನಿರೀಕ್ಷಿಸಿದಂತೆಯೇ ಇತ್ತು. ನಾನು ಗಮನಿಸದೆ ಹೋಗಿದ್ದದ್ದು ನಿರೂಪಕನ ನಡವಳಿಕೆಯನ್ನು. ಅಣಕದಲ್ಲಿ ಅಧಿಕಾರಿಯ ಸ್ಥಾನದಲ್ಲಿರುವವನು ಒರಟನಾಗಿರುವುದು ಸಂಪ್ರದಾಯ. ಈ ಹುಡುಗ ಟಿ.ವಿ.ಯ ನಿರೂಪಕರ ವಿನಯವನ್ನು ಹಾಗೆಯೇ ಉಳಿಸಿಕೊಂಡಿದ್ದ. ಆಯಿಗೆ ನೀರು ಕೊಟ್ಟ. ಅವಸರವಿಲ್ಲ, ಯೋಚಿಸಿ ಹೇಳಿ ಎಂದ. ಎಲ್ಲ ಸೋತು ಆಯಿ ಕುರ್ಚಿಯಿಂದ ಇಳಿಯಲು ಹೊರಟಾಗ ಅವಳ ಕೈ ಹಿಡಿದು ಕೂರಿಸಿ, ‘ಆಯಿ, ನಿಮ್ಮಲ್ಲಿ ಇನ್ನೂ ಒಂದು ಲೈಫ್‌ಲೈನ್ ಉಳಿದಿದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರರು ಪರೀಕ್ಷಿಸಿ ವಯಸ್ಸಿನ ಸರ್ಟಿಫಿಕೇಟ್ ಕೊಡುತ್ತಾರೆ. ಅದನ್ನು ಅರ್ಜಿಗೆ ಹಚ್ಚಬಹುದು’ ಎಂದ. ಇದರಲ್ಲಿ ನಗೆಯ ಮಾತೇನೂ ಇರಲಿಲ್ಲ. ಆದರೂ ಜನ ನಕ್ಕರು, ಏಕೆಂದರೆ ಅಂಥ ಕುರ್ಚಿಯಿಂದ ಅಂಥ ಮಾತು ಬಂದದ್ದನ್ನು ಅವರು ಕೇಳಿರಲಿಲ್ಲ.

ನಾನು ನಗಲಿಲ್ಲ. ಸಂಧ್ಯಾ ಸುರಕ್ಷಾ ಬಂದ ಹೊಸದರಲ್ಲಿ ನಾನು ಒಂದು ತಾಲೂಕಿನಲ್ಲಿ ಆ ಕುರ್ಚಿಯಲ್ಲಿ ಕುಳಿತಿದ್ದೆ. ದಿನಕ್ಕೆ ನೂರಾರು ಅರ್ಜಿ. ಒಂದು ಮಧ್ಯಾಹ್ನ ಒಬ್ಬ ಮುದುಕಿ ಬಂದು ನಿಂತಳು. ವಯಸ್ಸಿನ ಪುರಾವೆ ಕೇಳಿದೆ. ರಜಾಕಾರರ ಗದ್ದಲದಲ್ಲಿ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಕಬ್ಬಿನ ಹೊಲದಲ್ಲಿ ಅಡಗಿದ್ದೆ ಎಂದಳು. ತಮ್ಮನನ್ನು ಎತ್ತಿಕೊಳ್ಳುವಷ್ಟು ಬೆಳೆದ ಹುಡುಗಿಗೆ ಆಗ ಆರೇಳು ವರ್ಷವಾದರೂ ಇರಬೇಕು, ಅಂದರೆ ನನ್ನ ಮುಂದೆ ನಿಂತಾಗ 65. ಅರ್ಥಶಾಸ್ತ್ರದ ಪದವಿ ಇಲ್ಲದಿದ್ದರೂ ಮಾಡಬಹುದಾದ ಲೆಕ್ಕ. ನನಗೂ ಅದು ಹೊಳೆದಿತ್ತು. ಅವಳು ಸುಳ್ಳು ಹೇಳುತ್ತಿಲ್ಲವೆಂದೂ ತಿಳಿದಿತ್ತು. ಆದರೆ ಅದು ಲಗತ್ತಿಸಬಹುದಾದ ಕಾಗದವಲ್ಲ. ‘ವಯಸ್ಸಿನ ದಾಖಲೆ ಇಲ್ಲ, ಹಿಂದಿರುಗಿಸಿದೆ’ ಎಂದು ಅರ್ಜಿಯ ಅಂಚಿನಲ್ಲಿ ಬರೆದು ಸಹಿ ಮಾಡಿದೆ. ಬರೆದದ್ದು ನಿಯಮಕ್ಕೆ ಸರಿಯಾಗಿಯೇ ಇತ್ತು. ವೈದ್ಯಾಧಿಕಾರಿಯ ವಯೋ ದೃಢೀಕರಣವನ್ನು ತಂದರೆ ನಡೆಯುತ್ತದೆಂಬುದೂ ಅದೇ ನಿಯಮದಲ್ಲಿತ್ತು. ಅದನ್ನು ಹೇಳಲು ಅರ್ಧ ನಿಮಿಷ ಸಾಕಾಗಿತ್ತು. ನಾನು ಹೇಳಲಿಲ್ಲ. ಅವಳ ಹಿಂದೆ ಸಾಲು ಉದ್ದವಿತ್ತು, ಊಟದ ಹೊತ್ತಾಗಿತ್ತು. ಆಸ್ಪತ್ರೆ ನಮ್ಮ ಕಚೇರಿಯಿಂದ ಕೂಗಳತೆಯ ದೂರ. ಅವಳು ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಬಸ್ ನಿಲ್ದಾಣದ ಕಡೆ ಹೋದಳು. ಮತ್ತೆ ಬಂದಳೋ ಇಲ್ಲವೋ ನನಗೆ ತಿಳಿಯದು. ಹೆಸರು ಕೂಡ ನೆನಪಿಲ್ಲ, ತಮ್ಮನ ವಿಷಯ ಮಾತ್ರ ನೆನಪಿದೆ.

ಬಚ್ಚನ್ ಅವರೂ ಪುನೀತ್ ಅವರೂ ಸ್ಪರ್ಧಿ ತಡವರಿಸಿದಾಗ ಲೈಫ್‌ಲೈನ್ ಉಳಿದಿರುವುದನ್ನು ನೆನಪಿಸುತ್ತಿದ್ದರು. ಆಟದ ನಿಯಮ ಸ್ಪರ್ಧಿಗೆ ತಿಳಿದಿರಬೇಕೆಂಬುದು ಅಲ್ಲಿ ಮೊದಲ ಷರತ್ತು. ಇನ್ನೂ ಒಂದು ವ್ಯತ್ಯಾಸವಿದೆ, ಅದು ಆ ರಾತ್ರಿಯ ಬಳಿಕ ನನ್ನನ್ನು ಹೆಚ್ಚು ಕಾಡಿದೆ. ಅಲ್ಲಿ ಪ್ರಶ್ನೆ ಕೇಳುವ ಯಂತ್ರಕ್ಕೆ ಉತ್ತರ ಗೊತ್ತಿರುತ್ತದೆ, ಸ್ಪರ್ಧಿಗೆ ಗೊತ್ತಿದೆಯೇ ಎಂಬುದು ಪರೀಕ್ಷೆ. ನಮ್ಮ ಕಚೇರಿಯಲ್ಲಿ ಅವಳ ವಯಸ್ಸು ಗೊತ್ತಿದ್ದದ್ದು ಅವಳೊಬ್ಬಳಿಗೇ. ಹುಟ್ಟಿದಾಗ ಬರೆದುಕೊಳ್ಳಬೇಕಾಗಿದ್ದ ಸರ್ಕಾರ, ನಿಜಾಮರದಾಗಲಿ ನಮ್ಮದಾಗಲಿ, ಬರೆದುಕೊಂಡಿರಲಿಲ್ಲ. ಬರೆಯದೇ ಬಿಟ್ಟವರು ಕೇಳುವವರಾಗಿ ಕುಳಿತು, ಬಲ್ಲವಳ ಉತ್ತರವನ್ನು ತಪ್ಪೆಂದು ಗುರುತು ಹಾಕಿದೆವು.

ಈಗ ಪರಿಸ್ಥಿತಿ ಒಂದಿಷ್ಟು ಬದಲಾಗಿದೆಯೆನ್ನಬೇಕು. ಸಂಧ್ಯಾ ಸುರಕ್ಷಾದ ಮೊತ್ತ 2021ರಲ್ಲಿ 1,200 ರೂಪಾಯಿಗೆ ಏರಿತು. ಸರ್ಕಾರದ ಬಳಿ ಇರುವ ದತ್ತಾಂಶದಿಂದಲೇ ಅರ್ಹರನ್ನು ಗುರುತಿಸಿ ಮನೆಬಾಗಿಲಿಗೆ ಮಾಸಾಶನದ ಆದೇಶ ತಲುಪಿಸುವ ಪ್ರಯತ್ನವೂ ನಡೆದಿದೆ. ಆಧಾರ್ ಚೀಟಿಯಲ್ಲಿ ಎಲ್ಲರಿಗೂ ಒಂದು ಜನ್ಮದಿನಾಂಕ ದೊರೆತಿದೆ. ನಮ್ಮ ಊರುಗಳ ಎಷ್ಟು ವೃದ್ಧರು ಜನವರಿ 1ರಂದು ಹುಟ್ಟಿದರೆಂಬುದನ್ನು ನೋಡಿದರೆ, ಕಂಪ್ಯೂಟರ್‌ಜಿ ತನಗೆ ತೋಚಿದ್ದನ್ನು ಲಾಕ್ ಮಾಡಿಕೊಂಡಿರುವುದು ತಿಳಿಯುತ್ತದೆ. ಪುನೀತ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಆ ವಾರ ನನ್ನ ಹಳೆಯ ಸಹೋದ್ಯೋಗಿ ಊರಿನಿಂದ ಫೋನ್ ಮಾಡಿ, ನಾಟಕದ ಹುಡುಗರು ಹಳೆಯ ಟ್ರಾಲಿಯ ಮೇಲೆ ಅವರ ಭಾವಚಿತ್ರವಿಟ್ಟು ದೀಪ ಹಚ್ಚಿದರೆಂದು ಹೇಳಿದ್ದರು.

ಆ ರಾತ್ರಿಯ ನಾಟಕ ಪೂರ್ತಿಯಾಗಲಿಲ್ಲ. ನಿರೂಪಕ ಕೊನೆಯ ಬಾರಿ ‘ಲಾಕ್ ಮಾಡಲೇ ಆಯಿ?’ ಎಂದು ಕೇಳಿದ. ಮುದುಕಿ ಅವನನ್ನೇ ದಿಟ್ಟಿಸಿ, ‘ಕೀಲಿ ಹಾಕೋದು ಹಾಕ್ರಿ. ಕೀಲಿಕೈ ಯಾರ ಹತ್ರ ಇರ್ತದ, ಅದನ್ನಷ್ಟು ಹೇಳ್ರಿ’ ಎಂದಳು. ಅದು ಬರೆದ ಮಾತೋ, ಸೀರೆಯುಟ್ಟ ಹುಡುಗನಿಗೆ ಅಲ್ಲೇ ಹೊಳೆದದ್ದೋ, ನಿರೂಪಕ ಕ್ಷಣಕಾಲ ತಬ್ಬಿಬ್ಬಾದ. ಅಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲೆಯಲ್ಲಿ ‘ಕಂಪ್ಯೂಟರ್‌ಜಿ, ಕಂಪ್ಯೂಟರ್‌ಜಿ’ ಎಂದು ಕೂಗಿದರು. ಉತ್ತರ ಬರಲಿಲ್ಲ. ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಪೆಟ್ಟಿಗೆಯೊಳಗಿನ ಹುಡುಗ ನಿದ್ದೆ ಹೋಗಿದ್ದ.

ಜನ ನಗುತ್ತಾ ಚದುರಿದರು. ನನ್ನ ಜೀಪು ಬರುವುದನ್ನು ಕಾಯುತ್ತಾ ನಿಂತಿದ್ದೆ. ಕೋಲೂರಿಕೊಂಡು ಒಬ್ಬ ವೃದ್ಧೆ, ಈಕೆ ನಿಜವಾದ ವೃದ್ಧೆ, ಮಂಚದ ಕಡೆ ಬಂದಳು. ಶಾಲು ಹೊದ್ದ ನನ್ನನ್ನು ಕಂಡು ಸ್ವಲ್ಪ ದೂರವೇ ಸರಿದು ನಡೆದು, ಟ್ರಾಲಿಯ ಅಂಚಿನಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದ ನಿರೂಪಕನ ಮುಂದೆ ನಿಂತಳು. ‘ತಮ್ಮಾ, ಆ ಡಾಕ್ಟರ್ ಚೀಟಿ ಅಂದೆಲಾ, ಅದು ಖರೇನೇ ಸಿಗ್ತದೇನು?’ ಹುಡುಗ ನನ್ನ ಕಡೆ ಒಮ್ಮೆ ನೋಡಿದ. ಆಮೇಲೆ ಅವಳಿಗೆ, ಹುಮನಾಬಾದಿನ ಸರ್ಕಾರಿ ದವಾಖಾನೆಗೆ ಮುಂಜಾನೆಯೇ ಹೋಗಬೇಕೆಂದೂ, ಜೊತೆಗೆ ಪಡಿತರ ಚೀಟಿ ಒಯ್ಯಬೇಕೆಂದೂ, ಸೋಮವಾರ ತಾನೂ ಬರುತ್ತೇನೆಂದೂ ಹೇಳತೊಡಗಿದ.